ಪಂಡಿತಾ ರಮಾಬಾಯಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜನರಿಗೆ ಬರಗಾಲವು ಅಪರಿಚಿತವಲ್ಲ. ಮಳೆ ತಪ್ಪಿದ ವರ್ಷ ಜಯಮಂಗಲಿಯ ಪಾತ್ರದಲ್ಲಿ ಮರಳಲ್ಲದೆ ಬೇರೇನೂ ಕಾಣದು. ಕೆರೆಯ ಅಂಗಳ ಬಿರುಕು ಬಿಡುತ್ತದೆ. ರೈತನ ಕಣ್ಣು ಆಕಾಶದಲ್ಲಿ ನೆಡುತ್ತದೆ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮವಂತೂ ಮೈಸೂರು ಸಂಸ್ಥಾನವನ್ನೇ ನಡುಗಿಸಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ದಶಕದಲ್ಲಿಯೇ ತಂದೆತಾಯಿಗಳನ್ನು ಕ್ಷಾಮಕ್ಕೆ ತೆತ್ತ ಹುಡುಗಿಯೊಬ್ಬಳು ಮುಂದೆ ಕ್ಷಾಮಪೀಡಿತರಿಗೆ ತಾಯಿಯಾದಳು. ಆಕೆಯೇ ಪಂಡಿತಾ ರಮಾಬಾಯಿ.

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲ ಎಂಬ ಅರಣ್ಯಪ್ರದೇಶದಲ್ಲಿ ಜನಿಸಿದರು. ತುಂಗಾ, ಭದ್ರಾ ನದಿಗಳು ಹುಟ್ಟುವ ಪುಣ್ಯಸ್ಥಳವದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳದವರು, ಸಂಸ್ಕೃತದಲ್ಲಿ ಘನವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಸಲ್ಲದೆಂದು ಸಮಾಜವು ನಂಬಿದ್ದ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಆ ತಾಯಿಯೇ ರಮಾಬಾಯಿಗೆ ಗುರುವಾದಳು. ಮಗುವಿಗೆ ಆರು ತಿಂಗಳಾಗಿದ್ದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿದ ಮಗುವನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ನಡೆದನು. ಊರೂರಿಗೆ ಹೋಗಿ ಪುರಾಣ ಹೇಳುವುದೇ ಅವರ ಜೀವನವಾಯಿತು. ಭಾಗವತದ 18,000 ಶ್ಲೋಕಗಳು ಬಾಲಕಿಗೆ ಕಂಠಸ್ಥವಾದವು.

ಇದ್ದ ಹಣವೆಲ್ಲ ದಾನಧರ್ಮಗಳಲ್ಲಿ ಕರಗಿದಾಗ ಕ್ಷಾಮವು ಬಂದೆರಗಿತು. ಬೇಡಿ ಅಭ್ಯಾಸವಿಲ್ಲ, ಕೂಲಿ ಮಾಡಿ ಗೊತ್ತಿಲ್ಲ. ತಿರುಪತಿಯ ಬಳಿಯ ಕಾಡಿನಲ್ಲಿ ಕುಟುಂಬವು ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಈಚಲ ಹಣ್ಣುಗಳಿಂದ ಜೀವ ಹಿಡಿದುಕೊಂಡಿತು. ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡರು, ತಾಯಿಯೂ ಅವರನ್ನು ಹಿಂಬಾಲಿಸಿದಳು, ಅಕ್ಕನೂ ಹೋದಳು. ತಾಯಿಯ ಶವಕ್ಕೆ ಹೆಗಲು ಕೊಡಲು ನಾಲ್ಕು ಜನ ದೊರೆಯಲಿಲ್ಲ. ಇಬ್ಬರು ಮುಂದೆ ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾಬಾಯಿ. ಎತ್ತರ ಸಾಲದ್ದರಿಂದ ಆಕೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊರಬೇಕಾಯಿತು. ತಾಯಿತಂದೆಯರ ಭಕ್ತಿ ಕೊನೆಯವರೆಗೂ ಕದಲಲಿಲ್ಲ. ಆದರೆ ಮಕ್ಕಳ ನಂಬಿಕೆ ಅಲ್ಲಿ ಅಲುಗಾಡಿತು.

ಅಣ್ಣತಂಗಿಯರು ಅಲೆಯುತ್ತ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಆದರೆ 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಆಕೆ ವರಿಸಿದರು. ಎರಡು ವರ್ಷ ತುಂಬುವುದರೊಳಗೆ ಪತಿಯು ಕಾಲರಾ ಬೇನೆಗೆ ಬಲಿಯಾದರು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ವಿಧವೆ. ಮಡಿಲಲ್ಲಿ ಹಸುಗೂಸು ಮನೋರಮೆ.

ಪತಿಯೊಡನೆ ಸಿಲ್ಚರ್‌ನಲ್ಲಿದ್ದಾಗ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಸೇರಿತ್ತು. 1883ರಲ್ಲಿ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೋದರು. ಸಮಾಜವು ತಿರಸ್ಕರಿಸಿದ ಹೆಣ್ಣುಗಳನ್ನು ಅಲ್ಲಿನ ಕ್ರೈಸ್ತ ಸೋದರಿಯರು ಅಕ್ಕರೆಯಿಂದ ಉಪಚರಿಸುವುದನ್ನು ಕಂಡು ಅವರ ಮನಸ್ಸು ಕರಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಸ್ವದೇಶದಲ್ಲಿ ಅನೇಕ ಮಿತ್ರರು ದೂರವಾದರು. ಇತ್ತ ಚರ್ಚಿನ ಹಿರಿಯರು ಹೇಳಿದ್ದೆಲ್ಲವನ್ನೂ ಪ್ರಶ್ನಿಸದೆ ಒಪ್ಪುವ ಸ್ವಭಾವವೂ ಅವರದಾಗಿರಲಿಲ್ಲ. ಹೀಗೆ ಎರಡು ದಡಗಳ ನಡುವೆ ಒಂಟಿಯಾಗಿ ನಿಂತರೂ ತಾವು ಕಂಡುಕೊಂಡ ದೇವರನ್ನು ಅವರು ಬಿಡಲಿಲ್ಲ.

1886ರಲ್ಲಿ ಅಮೆರಿಕೆಗೆ ತೆರಳಿ ಭಾರತದ ಬಾಲವಿಧವೆಯರ ಸಂಕಟವನ್ನು ಅಲ್ಲಿನ ಜನರ ಮುಂದಿಟ್ಟರು. ಹತ್ತು ವರ್ಷಗಳ ನೆರವಿನ ಭರವಸೆ ದೊರೆಯಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದ ಗೋದೂಬಾಯಿ ಅಲ್ಲಿನ ಮೊದಲ ವಿಧವಾ ವಿದ್ಯಾರ್ಥಿನಿ. ಸಂಸ್ಥೆಯು ಪುಣೆಗೆ ಬಂದ ಮೇಲೆ, 1893ರಲ್ಲಿ, ಕೆಲವು ಹುಡುಗಿಯರು ಕ್ರೈಸ್ತಧರ್ಮದತ್ತ ಒಲಿದರೆಂಬ ಕಾರಣದಿಂದ ದೊಡ್ಡ ವಿವಾದವೆದ್ದಿತು. ಬೆಂಬಲಕ್ಕಿದ್ದ ಗಣ್ಯರು ಹೊರನಡೆದರು. ಪೋಷಕರು ಹಲವು ಬಾಲಿಕೆಯರನ್ನು ಬಿಡಿಸಿಕೊಂಡು ಹೋದರು. ಆದರೂ ರಮಾಬಾಯಿ ಸದನದ ಬಾಗಿಲನ್ನು ಮುಚ್ಚಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1896ರಲ್ಲಿ. ಮಧ್ಯಪ್ರಾಂತ್ಯದಲ್ಲಿ ಘೋರ ಕ್ಷಾಮವೆಂಬ ವಾರ್ತೆ ಕಿವಿಗೆ ಬಿತ್ತು. ಅಮೆರಿಕೆಯವರು ಕೊಟ್ಟಿದ್ದ ಹತ್ತು ವರ್ಷಗಳ ಮಾತು ಮುಗಿಯುತ್ತ ಬಂದಿತ್ತು. ಮುಂದಿನ ಖರ್ಚಿಗೆಂದು ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಕೊಂಡ ಭೂಮಿಯಲ್ಲಿ ಹಣ್ಣಿನ ಗಿಡಗಳು ಇನ್ನೂ ಎಳೆಯವು. ಲೆಕ್ಕ ಹಾಕಿ ನೋಡಿದರೆ ಇನ್ನೊಂದು ಹೊಟ್ಟೆಗೂ ಅವಕಾಶವಿರಲಿಲ್ಲ. ಆದರೆ ಕಾಡಿನಲ್ಲಿ ಎಲೆ ತಿಂದು ಕಳೆದ ಆ ಹನ್ನೊಂದು ದಿನಗಳನ್ನು ಅವರು ಮರೆಯುವುದೆಂತು? ದೇವರು ನಡೆಸುವನೆಂದು ನಂಬಿ ಹೊರಟೇ ಬಿಟ್ಟರು. ಸುಮಾರು 300 ಅನಾಥ ಹೆಣ್ಣುಮಕ್ಕಳು ಅವರೊಡನೆ ಬಂದರು. ಕೇಡಗಾಂವ್‌ನ ಆ ನೆಲದಲ್ಲಿ ಮುಕ್ತಿ ಎಂಬ ಆಶ್ರಮವು ತಲೆಯೆತ್ತಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿದ್ದವರ ಸಂಖ್ಯೆ ಸುಮಾರು 2,000ಕ್ಕೆ ಏರಿತು.

ಈ ನಂಬಿಕೆ ಕೈಕಟ್ಟಿ ಕುಳಿತ ನಂಬಿಕೆಯಲ್ಲ. ಆಶ್ರಮದವರು ಬೆಳಗ್ಗೆ ಪ್ರಾರ್ಥಿಸುತ್ತಿದ್ದರು, ಹಗಲೆಲ್ಲ ದುಡಿಯುತ್ತಿದ್ದರು. ಬೇಸಾಯ, ನೇಯ್ಗೆ, ಅಚ್ಚಿನ ಕೆಲಸಗಳನ್ನು ಹುಡುಗಿಯರು ಕಲಿತರು. ಕಣ್ಣಿಲ್ಲದವರಿಗೂ ಅಕ್ಷರಜ್ಞಾನ ದೊರೆಯಿತು. ಕಲಬುರಗಿಯಲ್ಲಿಯೂ ಬಾಲಿಕೆಯರಿಗಾಗಿ ಶಾಲೆಯೊಂದು ಪ್ರಾರಂಭವಾಯಿತು. ತಮ್ಮ ಕಿವಿ ಮಂದವಾಗುತ್ತಿದ್ದರೂ ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಮರಾಠಿಗೆ ಅನುವಾದಿಸಿದರು.

ಕೊನೆಯ ಪೆಟ್ಟು 1921ರಲ್ಲಿ ಬಿದ್ದಿತು. ಬಲಗೈಯಾಗಿದ್ದ ಮಗಳು ಮನೋರಮೆ ನಲವತ್ತನೆಯ ವಯಸ್ಸಿನಲ್ಲಿ ಅಗಲಿದಳು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ, ಈಗ ಮಗಳು; ತನ್ನವರೆಂಬವರು ಯಾರೂ ಉಳಿಯಲಿಲ್ಲ. ಆದರೂ ತಾಯಿಯೆಂದು ಕರೆಯುವ ನೂರಾರು ಮಕ್ಕಳು ಸುತ್ತಲೂ ಇದ್ದರು. ಅವರಿಗಾಗಿ ದುಡಿಯುತ್ತಲೇ 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು.

ದೇವರನ್ನು ನಂಬಿದವರಿಗೆ ಕಷ್ಟಗಳು ಬಾರವೆಂದು ಈ ಜೀವನ ಹೇಳುವುದಿಲ್ಲ. ಅವರಿಗೆ ಬಂದಷ್ಟು ಕಷ್ಟಗಳು ಕೆಲವರಿಗೇ ಬಂದಾವು. ತಮ್ಮ ಹಸಿವನ್ನು ನೆನೆದು ಪರರ ಹಸಿವಿನತ್ತ ನಡೆದುದೇ ಅವರ ಭಕ್ತಿ. ಮಳೆ ಬಾರದ ವರ್ಷವೂ ಹೊಲವನ್ನು ಉತ್ತು ಹದಮಾಡಿ ಕಾಯುವ ನಮ್ಮ ರೈತನಿಗೆ ಈ ನಂಬಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.