ಹೆಪ್ಪುಗಟ್ಟಿದ ಸಮುದ್ರ ದಾಟಿದ ಮ್ಯಾಕ್ಸಿಮೋವ್

ಹಾಸ್ಟೆಲ್ ಬಾತ್‌ರೂಮಿನ ಜಾಲರಿಗೆ ಸಿಕ್ಕಿಕೊಳ್ಳುವ ಕೂದಲು ನೋಡಿ ನಾವೆಲ್ಲ ಬೈಯೋದು ಬೋರ್‌ವೆಲ್ ನೀರನ್ನೇ. ಹಣೆ ನಿಧಾನಕ್ಕೆ ಮೇಲೇರತೊಡಗಿದ ಮೇಲೆ ಫೋನಿನಲ್ಲಿ ಜಾಹೀರಾತುಗಳೂ ಶುರು: ಸ್ಟೆಮ್ ಸೆಲ್ ಚಿಕಿತ್ಸೆ, ಕೂದಲು ಗ್ಯಾರಂಟಿ, ಇಎಂಐ ಕೂಡ ಇದೆ. ಈ ಸ್ಟೆಮ್ ಸೆಲ್ ಅನ್ನೋ ಮಾತಿನ ಹಿಂದೆ ಒಬ್ಬ ಮನುಷ್ಯನ ದೊಡ್ಡ ಬದುಕಿದೆ. ಅವರು ರಷ್ಯಾದ ಅಲೆಕ್ಸಾಂಡರ್ ಮ್ಯಾಕ್ಸಿಮೋವ್. ಅವರ ವಿಷಯ ಕೂದಲಲ್ಲ, ರಕ್ತ. ಆದರೂ ಈ ಜಾಹೀರಾತು ಅರ್ಥವಾಗಬೇಕಾದರೆ ಅವರಿಂದಲೇ ಶುರು ಮಾಡೋದು ಒಳ್ಳೇದು ಅಂತ ನಮಗನ್ನಿಸಿತು.

1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ ಹುಟ್ಟಿದರು. ಅಲ್ಲಿನ ಮಿಲಿಟರಿ ಮೆಡಿಕಲ್ ಅಕಾಡೆಮಿಯಲ್ಲಿ ಓದಿ, ಜರ್ಮನಿಯಲ್ಲಿ ಕೆಲಕಾಲ ಕೆಲಸ ಕಲಿತು, 1903ರಲ್ಲಿ ಅದೇ ಅಕಾಡೆಮಿಗೆ ಪ್ರೊಫೆಸರ್ ಆಗಿ ವಾಪಸ್ ಬಂದರು. ಆಗಿನ್ನೂ ವಯಸ್ಸು ಮೂವತ್ತೂ ಆಗಿರಲಿಲ್ಲ.

ಆ ಕಾಲದ ದೊಡ್ಡ ಜಗಳ ಏನಪ್ಪಾ ಅಂದ್ರೆ, ರಕ್ತದಲ್ಲಿರುವ ಬಗೆಬಗೆಯ ಕೋಶಗಳಿಗೆ ಮೂಲ ಒಂದೋ, ಹಲವೋ ಅನ್ನೋದು. ಪಾಲ್ ಎರ್ಲಿಕ್ ಅವರಂಥ ಘಟಾನುಘಟಿಗಳು ಬೇರೆ ಬೇರೆ ಮೂಲ ಅಂತಿದ್ದರು. ಮ್ಯಾಕ್ಸಿಮೋವ್ ಭ್ರೂಣಗಳ ತೆಳು ಪದರಗಳಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ವರ್ಷಗಟ್ಟಲೆ ನೋಡಿ, ಎಲ್ಲಕ್ಕೂ ಒಂದೇ ಮೂಲ ಕೋಶ ಅನ್ನೋ ತೀರ್ಮಾನಕ್ಕೆ ಬಂದರು. 1909ರಲ್ಲಿ ಬರ್ಲಿನ್‌ನಲ್ಲಿ ಉಪನ್ಯಾಸ ಕೊಟ್ಟು ಅದನ್ನು ಸ್ಟಾಮ್‌ಜೆಲ್ ಅಂತ ಕರೆದರು. ಪದ ಅವರದ್ದಲ್ಲ, 1868ರಲ್ಲೇ ಹೆಕಲ್ ಅದನ್ನು ಜೀವಿಗಳ ವಂಶವೃಕ್ಷದ ಬುಡಕ್ಕೆ ಬಳಸಿದ್ದರು. ಸ್ಟಾಮ್ ಅಂದರೆ ಮರದ ಕಾಂಡ. ನಮ್ಮಲ್ಲಿ ಕೆಲವರು ಕಾಂಡಕೋಶ ಅಂತ ಬರೆಯುತ್ತಾರಲ್ಲ, ಅದು ಮೂಲಕ್ಕೆ ಹತ್ತಿರವೇ ಇದೆ.

ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಪ್ರಯೋಗ. ಮೊಲದ ಮೂತ್ರಪಿಂಡದ ರಕ್ತನಾಳ ಕಟ್ಟಿಬಿಟ್ಟರೆ ಕೆಲ ಸಮಯದ ಮೇಲೆ ಅದರೊಳಗೆ ಮೂಳೆ ಬೆಳೆಯುತ್ತೆ, ಮೂಳೆಯೊಳಗೆ ಮಜ್ಜೆಯೂ ಬರುತ್ತೆ! ಇಟಲಿಯವರು ಮೊದಲೇ ಕಂಡಿದ್ದ ಇದನ್ನು ಮ್ಯಾಕ್ಸಿಮೋವ್ ಮತ್ತೆ ಮಾಡಿ ನೋಡಿದರು. ಕೋಶ ಏನಾಗಬೇಕು ಅನ್ನೋದನ್ನು ಅದರ ಅಕ್ಕಪಕ್ಕದ ಪರಿಸರವೂ ನಿರ್ಧರಿಸುತ್ತೆ ಅನ್ನುವ ಯೋಚನೆಗೆ ಇಂಥ ಕೆಲಸಗಳೇ ಬುನಾದಿ. ಬೀಜ ಒಳ್ಳೇದಿದ್ದರೆ ಸಾಲದು, ನೆಲವೂ ಬೇಕು.

ಆಮೇಲೆ ಕ್ರಾಂತಿ ಬಂತು. ಪೆಟ್ರೋಗ್ರಾಡ್‌ನಲ್ಲಿ ಹಸಿವು, ಚಳಿ. ಲ್ಯಾಬ್ ನಡೆಸೋದಿರಲಿ, ಬದುಕೋದೇ ಕಷ್ಟ. 1922ರ ಚಳಿಗಾಲದಲ್ಲಿ ಮ್ಯಾಕ್ಸಿಮೋವ್ ಮನೆಯವರನ್ನು ಕರೆದುಕೊಂಡು, ಹೆಪ್ಪುಗಟ್ಟಿದ್ದ ಫಿನ್‌ಲೆಂಡ್ ಕೊಲ್ಲಿಯನ್ನು ಮಂಜುಗಡ್ಡೆಯ ಮೇಲೇ ದಾಟಿ ಪರಾರಿಯಾದರು. ನಲವತ್ತೆಂಟರ ಪ್ರೊಫೆಸರ್, ಕಾವಲುಗಾರರ ಕಣ್ಣಿಗೆ ಬಿದ್ದರೆ ಕಥೆ ಮುಗೀತು ಅನ್ನೋ ಸ್ಥಿತಿ. ಅಲ್ಲಿಂದ ಶಿಕಾಗೋ ವಿಶ್ವವಿದ್ಯಾಲಯ.

ಶಿಕಾಗೋದಲ್ಲಿ ದೇಹದ ಹೊರಗೆ ಅಂಗಾಂಶ ಬೆಳೆಸುವ ಕೆಲಸಕ್ಕೆ ಕೂತರು. ಗುಳಿಯಿರುವ ದಪ್ಪ ಗಾಜಿನ ಮೇಲೆ, ಎರಡು ತೆಳು ಗಾಜುಗಳನ್ನು ಜೋಡಿಸಿ, ಅಂಗಾಂಶದ ಚೂರು ತಲೆಕೆಳಗಾಗಿ ನೇತಾಡುವಂತೆ ಮಾಡುವ ವಿಧಾನ ಅವರ ಹೆಸರಿನಲ್ಲೇ ಉಳಿಯಿತು. ದೊಡ್ಡದೊಂದು ಪಠ್ಯಪುಸ್ತಕವನ್ನೂ ಕೈಗೆತ್ತಿಕೊಂಡಿದ್ದರು. ಮುಗಿಸಲಾಗಲಿಲ್ಲ. 1928ರ ಡಿಸೆಂಬರ್‌ನಲ್ಲಿ, 54ನೇ ವಯಸ್ಸಿಗೆ ಹೃದಯದ ಕಾಯಿಲೆಯಿಂದ ನಿದ್ದೆಯಲ್ಲೇ ತೀರಿಕೊಂಡರು. ವಿಲಿಯಂ ಬ್ಲೂಮ್ ಪುಸ್ತಕ ಪೂರ್ತಿ ಮಾಡಿ 1930ರಲ್ಲಿ ತಂದರು. ತಲೆಮಾರುಗಟ್ಟಲೆ ಡಾಕ್ಟರುಗಳು ಅದನ್ನೇ ಓದಿದರು.

ಲಿಂಫೊಸೈಟೇ ಮೂಲ ಕೋಶ ಅಂದದ್ದು ಪೂರ್ತಿ ಸರಿಯಾಗಲಿಲ್ಲ ಬಿಡಿ. ಮೂಲ ಕೋಶ ಹಾಗೆ ಕಾಣುತ್ತೆ, ಅಷ್ಟೆ. ಆದರೆ ಒಂದೇ ಮೂಲ ಅನ್ನೋ ಮಾತು ಗೆದ್ದಿತು. 1961ರಲ್ಲಿ ಟೊರಾಂಟೊದ ಟಿಲ್ ಮತ್ತು ಮೆಕಲಕ್, ವಿಕಿರಣ ಕೊಟ್ಟ ಇಲಿಗಳಿಗೆ ಮಜ್ಜೆ ಚುಚ್ಚಿ, ಅವುಗಳ ಗುಲ್ಮದಲ್ಲೆದ್ದ ಗಂಟುಗಳನ್ನು ಎಣಿಸಿ ಅದಕ್ಕೆ ಗಟ್ಟಿ ಪುರಾವೆಯ ದಾರಿ ತೆರೆದರು.

ಈಗ ಕೂದಲಿಗೆ ಬರೋಣ. ಕೂದಲಿನ ಬುಡದ ಚೀಲದಲ್ಲಿ, ಪಕ್ಕಕ್ಕೆ ಉಬ್ಬಿದ ಜಾಗದಲ್ಲಿ ಸ್ಟೆಮ್ ಸೆಲ್‌ಗಳಿವೆ ಅಂತ 1990ರಲ್ಲಿ ಇಲಿಗಳಲ್ಲಿ ತೋರಿಸಿದರು. 2011ರಲ್ಲಿ ಪೆನ್ಸಿಲ್ವೇನಿಯಾದ ತಂಡ ಬೋಳಾಗುತ್ತಿರುವ ಗಂಡಸರ ನೆತ್ತಿ ಪರೀಕ್ಷಿಸಿತು. ಬೋಳು ಜಾಗದಲ್ಲೂ ಸ್ಟೆಮ್ ಸೆಲ್ ಹೆಚ್ಚುಕಮ್ಮಿ ಹಾಗೇ ಇದ್ದವು! ಕಮ್ಮಿಯಾಗಿದ್ದದ್ದು ಅವುಗಳಿಂದ ಹುಟ್ಟಿ ಕೂದಲು ಕಟ್ಟಬೇಕಾದ ಮುಂದಿನ ಹಂತದ ಕೋಶಗಳು. ಹಾಗಿದ್ದ ಮೇಲೆ ಬರೀ ಸ್ಟೆಮ್ ಸೆಲ್ ಚುಚ್ಚಿ ಏನು ಪ್ರಯೋಜನ? ನೆಲ ಕೆಟ್ಟಿರುವಾಗ ಬೀಜ ಚೆಲ್ಲಿದಂತೆ.

2013ರಲ್ಲಿ ಕೊಲಂಬಿಯಾ ಮತ್ತು ಡರಂ ವಿಶ್ವವಿದ್ಯಾಲಯಗಳವರು ಕೂದಲ ಬುಡದ ಪ್ಯಾಪಿಲ್ಲಾ ಕೋಶಗಳನ್ನು ತಟ್ಟೆಯಲ್ಲಿ ಚಪ್ಪಟೆಯಾಗಿ ಬೆಳೆಸುವ ಬದಲು ನೇತಾಡುವ ಹನಿಯಲ್ಲಿ ಬೆಳೆಸಿದರು. ಒಂದಕ್ಕೊಂದು ಅಂಟಿ ಉಂಡೆಯಾದ ಕೋಶಗಳಿಗೆ ತಮ್ಮ ಹಳೇ ಕೆಲಸ ಸ್ವಲ್ಪ ನೆನಪಾಯಿತು. ಇಲಿಯ ಮೇಲೆ ಕಸಿ ಮಾಡಿದ್ದ ಮನುಷ್ಯ ಚರ್ಮದಲ್ಲಿ, 7 ದಾನಿಗಳ ಪೈಕಿ 5 ಜನರ ಕೋಶಗಳಿಂದ ಕೂದಲು ಹುಟ್ಟಿತು. ತಲೆಕೆಳಗೆ ನೇತಾಡಿಸುವ ಉಪಾಯ ನೋಡಿದ್ರೆ ನಮಗಂತೂ ಶಿಕಾಗೋದ ಆ ಗಾಜುಗಳೇ ನೆನಪಾದವು.

ಇದೆಲ್ಲ ಲ್ಯಾಬಿನ ಮಾತು. ನಮ್ಮ ದೇಶದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟರೆ, ಸ್ಟೆಮ್ ಸೆಲ್ ಬಳಸೋದು ಒಪ್ಪಿಗೆ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್‌ಗಳ ಪಟ್ಟಿ ಸಿಟಿಆರ್‌ಐ ನೋಂದಣಿಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಇಎಂಐ ಫಾರ್ಮಿಗೆ ಸೈನ್ ಹಾಕೋ ಮೊದಲು ಆ ನಂಬರ್ ಕೇಳಿ.