ಮೈದಾನದ ಅಂಚಿನಲ್ಲಿ ನಿಂತ ಆಟಗಾರ: ಪಾಳವಣಕರ ಬಾಳೂ

ಸಂಜೆ ಆಟ ಮುಗಿದ ಮೇಲೆ ಬಯಲಿನಲ್ಲಿ ಮಕ್ಕಳು ವಾದಕ್ಕೆ ನಿಲ್ಲುವುದು ಹೊಸದೇನಲ್ಲ. ಈ ವರ್ಷ ಅಂತಹದೊಂದು ವಾದ ನಮ್ಮ ತರಗತಿಯೊಳಕ್ಕೂ ಬಂದಿತು. ಟೀವಿಯಲ್ಲಿ ಕಂಡ ಒಬ್ಬ ಫುಟ್‌ಬಾಲ್ ಆಟಗಾರನ ಸಂಗತಿ ಅದು. ಅವನ ಆಟವನ್ನು ಎಲ್ಲರೂ ಮೆಚ್ಚಿದ್ದರು. ಆದರೆ ನಡುವೆ ಅವನನ್ನು ಹೊರಕ್ಕೆ ಕರೆದು ಬೇರೊಬ್ಬನನ್ನು ಇಳಿಸಿದಾಗ ಅವನು ಅಂಚಿನ ಬೆಂಚಿನ ಮೇಲೆ ಮುಖ ಗಂಟಿಕ್ಕಿಕೊಂಡು ಕುಳಿತನಂತೆ, ಯಾರೊಡನೆಯೂ ಮಾತಾಡಲಿಲ್ಲವಂತೆ. ಗೋಲು ಹೊಡೆಯುವವನ ಮುಖ ಹೇಗಿದ್ದರೇನು ಎಂದು ಒಂದು ಗುಂಪು. ಆಟ ಎಷ್ಟು ಚೆನ್ನಾಗಿದ್ದರೇನು, ನಡತೆ ಬೇಡವೇ ಎಂದು ಇನ್ನೊಂದು ಗುಂಪು. ಕೊನೆಗೆ ತೀರ್ಪಿಗಾಗಿ ನಮ್ಮ ಮೇಜಿನ ಬಳಿಗೆ ಬಂದರು. ನಾವು ತೀರ್ಪು ಕೊಡಲಿಲ್ಲ. ಅದರ ಬದಲಿಗೆ ಒಬ್ಬ ಹಳೆಯ ಕ್ರಿಕೆಟ್ ಆಟಗಾರನ ಕಥೆಯನ್ನು ಹೇಳತೊಡಗಿದೆವು. ಗಂಟೆ ಹೊಡೆದುಬಿಟ್ಟಿತು. ಅಂದು ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ; ಮನೆಯಲ್ಲಿ ಹಿರಿಯರೂ ಓದಲಿ.

ಪಾಳವಣಕರ ಬಾಳೂ ಅವರು ಹುಟ್ಟಿದ್ದು 1876ರಲ್ಲಿ, ನಮ್ಮ ಕನ್ನಡದ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಪಾಳವಣ ಎಂಬ ಹಳ್ಳಿ. ಹೆಸರಿನ ಮೊದಲ ಭಾಗ ಅಲ್ಲಿಂದ ಬಂದದ್ದು. ಚರ್ಮಕಾರ ಸಮುದಾಯದ ಕುಟುಂಬ. ಆ ಕಾಲದ ಸಮಾಜ ಅವರನ್ನು ಮುಟ್ಟಬಾರದವರೆಂದು ದೂರವಿಟ್ಟಿತ್ತು. ತಂದೆ ಸೈನ್ಯದ ಕೆಲಸದಲ್ಲಿದ್ದುದರಿಂದ ಸಂಸಾರ ಪುಣೆಗೆ ಹೋಯಿತು. ಅಲ್ಲಿ ಬಾಳೂ ಮತ್ತು ತಮ್ಮ ಶಿವರಾಮ, ಸೈನ್ಯದ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು ಚೆಂಡುಗಳಿಂದಲೇ ಆಟ ಕಲಿತರು.

ಬಡತನದಿಂದಾಗಿ ಓದು ಬೆಳೆಯಲಿಲ್ಲ. ಬಾಳೂ ಮೊದಲು ಪಾರಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ ಗುಡಿಸುವ, ಪಿಚ್ಚಿಗೆ ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. ಅನಂತರ ಯೂರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದರು. ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಬಲೆ ಕಟ್ಟುವುದು, ಗೆರೆ ಎಳೆಯುವುದು, ಸಾಹೇಬರು ಅಭ್ಯಾಸಕ್ಕೆ ಬಂದಾಗ ಚೆಂಡೆಸೆಯುವುದು ಇವೇ ಕೆಲಸಗಳು. ಬ್ಯಾಟು ಹಿಡಿಯುವ ಭಾಗ್ಯ ಮಾತ್ರ ಅವರಿಗೆ ಬಹಳ ಅಪರೂಪ; ಬ್ಯಾಟು ಸಾಹೇಬರದು, ಬೆವರು ಆಳಿನದು. ಅಲ್ಲಿನ ಹೆಸರಾಂತ ದಾಂಡಿಗ ಗ್ರೇಗ್ ಎಂಬ ಸೇನಾಧಿಕಾರಿ ದಿನವೂ ಬೇಗ ಬಂದು ಬಾಳೂ ಅವರ ಎಸೆತವನ್ನು ಎದುರಿಸುತ್ತಿದ್ದನು. ತನ್ನನ್ನು ಒಮ್ಮೆ ಔಟು ಮಾಡಿದರೆ ಎಂಟು ಆಣೆ ಕೊಡುತ್ತಿದ್ದನೆಂಬ ಕಥೆಯೂ ಇದೆ. ಅದು ನಿಜವಾದರೆ, ವಾರಕ್ಕೊಮ್ಮೆ ಔಟು ಮಾಡಿದರೂ ತಿಂಗಳಿಗೆ ಎರಡು ರೂಪಾಯಿ, ಅಂದರೆ ಅರ್ಧ ಸಂಬಳ! ಹೀಗೆ ಸಾವಿರಾರು ಎಸೆತ ಎಸೆದೆಸೆದು ಅವರ ಎಡಗೈ ಪಳಗಿತು. ನಿಧಾನವಾಗಿ ಬಂದ ಚೆಂಡು ನೆಲ ಮುಟ್ಟಿದ ಮೇಲೆ ಎತ್ತ ತಿರುಗುವುದೋ ಎದುರಾಳಿಗೆ ತಿಳಿಯುತ್ತಿರಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಯೂರೋಪಿಯನ್ನರನ್ನು ಸೋಲಿಸುವ ಆಸೆ ಬಲವಾಗಿತ್ತು. ಅದಕ್ಕೆ ಬೇಕಾದ ಬೌಲರು ಊರಿನಲ್ಲೇ ಇದ್ದರು. ಆದರೆ ಅವರನ್ನು ಸೇರಿಸಿಕೊಳ್ಳಬಹುದೇ ಎಂಬುದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬೇರೆ ನಿಯಮ. ಉಳಿದವರು ಪೆವಿಲಿಯನ್ನಿನ ಒಳಗೆ ಕುಳಿತು ಪಿಂಗಾಣಿ ಬಟ್ಟಲಲ್ಲಿ ಕುಡಿಯುವರು. ಬಾಳೂ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿದು ಅದನ್ನು ಎಸೆಯಬೇಕು. ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು. ಈ ಭಾಗವನ್ನು ಹೇಳುವಾಗ ತರಗತಿ ಸದ್ದಿಲ್ಲದೆ ಕುಳಿತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಅವರು ಸಿಟ್ಟು ಮಾಡಿಕೊಳ್ಳಲಿಲ್ಲವೇ ಸಾರ್ ಎಂದು ಕೇಳಿದ. ಬಾಳೂ ಅವರು ಮತ್ತೆ ಹೋಗಿ ಚೆಂಡೆಸೆದರು ಎಂದಷ್ಟೇ ನಾವು ಉತ್ತರ ಕೊಟ್ಟೆವು. ಅವನಿಗೆ ಅದು ಸಾಲಲಿಲ್ಲ. ನಮಗೂ ಸಾಲಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇವೆ.

ವಿಕೆಟ್ಟುಗಳು ಬೀಳುತ್ತ ಹೋದಂತೆ ಜನರ ಮನಸ್ಸೂ ಸ್ವಲ್ಪ ಸಡಿಲಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಭೆಯಲ್ಲಿ ಅವರಿಗೆ ಹಾರ ಹಾಕಿ ಗೌರವಿಸಿದರು. 1896ರಲ್ಲಿ ಪ್ಲೇಗು ಹರಡಿದಾಗ ಬಾಳೂ ಮುಂಬಯಿಗೆ ಬಂದರು. ಅಲ್ಲಿ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮ್‌ಖಾನಾ ತಂಡದಲ್ಲಿ ಸ್ಥಾನವೂ ಸಿಕ್ಕಿತು.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಯೂರೋಪಿಯನ್ನರಿಗೂ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160, ಯೂರೋಪಿಯನ್ನರು 191 ಮತ್ತು 102. ಲೆಕ್ಕದ ಪೀರಿಯಡ್ಡಿನವರು ಕೂಡಿ ಕಳೆದು ನೋಡಿ, 109 ಓಟಗಳ ಗೆಲುವು. ಗೆಲುವಿಗೆ ಮುಖ್ಯ ಕಾರಣ ಬಾಳೂ ಅವರ ಬೌಲಿಂಗ್. ತಮ್ಮ ಶಿವರಾಮರೂ ಆ ತಂಡದಲ್ಲಿದ್ದರು. ಆಳುವವರನ್ನು ಆಳಿಸಿಕೊಳ್ಳುವವರು ಸೋಲಿಸಿದರೆಂದು ಊರೆಲ್ಲ ಹಬ್ಬ ಮಾಡಿತು. ಜಾತಿಯನ್ನು ಬದಿಗಿಟ್ಟು ತಂಡ ಕಟ್ಟಿದ್ದಕ್ಕೇ ಈ ಜಯ ದೊರೆಯಿತು ಎಂದು ಪತ್ರಿಕೆಯೂ ಬರೆಯಿತು.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕರು ಪಟಿಯಾಲದ ಮಹಾರಾಜರು. ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ. ಮಹಾರಾಜರಿಗೆ ಔತಣಕೂಟಗಳೇ ಹೆಚ್ಚಾದವು. ಅವರು ಬಹಳ ಪಂದ್ಯಗಳಲ್ಲಿ ಆಡಲೇ ಇಲ್ಲ. ತಂಡ 23 ಪಂದ್ಯಗಳಲ್ಲಿ ಗೆದ್ದದ್ದು 6 ಮಾತ್ರ. ಆದರೆ ಮೂವತ್ತೈದು ವರ್ಷದ ಬಾಳೂ ಒಬ್ಬರೇ 114 ವಿಕೆಟ್ ತೆಗೆದರು, ಒಂದೊಂದು ವಿಕೆಟ್ಟಿಗೆ 19ಕ್ಕೂ ಕಡಿಮೆ ಓಟ ಕೊಟ್ಟು. ಹಿಂದಿರುಗಿದಾಗ ಮುಂಬಯಿಯಲ್ಲಿ ಅವರ ಸಮುದಾಯದವರು ಸನ್ಮಾನ ಮಾಡಿದರು. ಅಂದಿನ ಬಿನ್ನವತ್ತಳೆಯನ್ನು ಬರೆದವರು ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ತರುಣ. ಅವರ ಹೆಸರು ಭೀಮರಾವ್ ಅಂಬೇಡ್ಕರ್.

ಇನ್ನು ಮುಖ್ಯ ಮಾತಿಗೆ ಬರೋಣ. ಇಷ್ಟೆಲ್ಲ ಆದ ಮೇಲೆ ಹಿಂದೂ ತಂಡದ ನಾಯಕರಾಗಬೇಕಾದವರು ಯಾರು? ಬಾಳೂ ಅವರೇ ಎಂದು ಅಭಿಮಾನಿಗಳು ವರ್ಷ ವರ್ಷವೂ ಹೇಳಿದರು. ಆಯ್ಕೆ ಮಾಡುವವರು ವರ್ಷ ವರ್ಷವೂ ಬೇರೆಯವರ ಹೆಸರು ಬರೆದರು. ನಾಯಕರಾಗಿದ್ದ ಎಂ. ಡಿ. ಪೈ ಅವರು ತಮಗೆ ಸನ್ಮಾನ ನಡೆದಾಗ, ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಬಹಿರಂಗವಾಗಿಯೇ ಹೇಳಿದರು. ಅಷ್ಟಾದರೂ ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ತಮ್ಮಂದಿರಾದ ಶಿವರಾಮ, ವಿಠ್ಠಲ, ಗಣಪತ ಮೂವರೂ ತಂಡದಲ್ಲಿ ಆಡಿದ್ದರು. ವಿಠ್ಠಲರಂತೂ ಆ ಕಾಲದ ಶ್ರೇಷ್ಠ ದಾಂಡಿಗರಲ್ಲಿ ಒಬ್ಬರು.

1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಪೈ ಅವರು ಆಡದಿದ್ದ ಆ ಪಂದ್ಯಕ್ಕೆ ಪುಣೆಯ ಡಿ. ಬಿ. ದೇವಧರರನ್ನು ನಾಯಕರನ್ನಾಗಿ ಆರಿಸಿದರು. ಬಾಳೂ ಅವರಿಗೆ ಆಗ ನಲವತ್ತನಾಲ್ಕು ವರ್ಷ. ವಯಸ್ಸಾಯಿತೆಂದು ಬಿಟ್ಟರೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಅನುಭವದಲ್ಲಿ ಹಿರಿಯರಾದ ವಿಠ್ಠಲರು ಏಕಾಗಬಾರದು? ವಿಠ್ಠಲ ಮತ್ತು ಶಿವರಾಮ ಇಬ್ಬರೂ ತಾವು ಆಡುವುದಿಲ್ಲವೆಂದು ಹಿಂದೆ ಸರಿದರು. ಕಾರಣವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ತಿಳಿಸಿದರು. ಊರೆಲ್ಲ ಎರಡಾಯಿತು. ತಂಡ ದೊಡ್ಡದೋ, ತಾನು ದೊಡ್ಡವನೋ ಎಂದು ಕೆಲವರು ಕೇಳಿದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾದವರು ಇನ್ನೆಷ್ಟು ಕಾಯಬೇಕು ಎಂದು ಉಳಿದವರು ಕೇಳಿದರು.

ನಮ್ಮ ಶಾಲೆಯಲ್ಲಿ ಯಾವನಾದರೂ ನಾಯಕತ್ವ ಸಿಗಲಿಲ್ಲವೆಂದು ಪಂದ್ಯದ ಮುನ್ನಾದಿನ ಬಿಟ್ಟುಹೋದರೆ ನಾವು ಖಂಡಿತ ಬೈಯುತ್ತೇವೆ. ಆದರೂ ಆ ಸೋದರರನ್ನು ಬೈಯಲು ನಮಗೆ ನಾಲಗೆ ಬರುವುದಿಲ್ಲ. ಅವರು ಮುಖ ಗಂಟಿಕ್ಕಲಿಲ್ಲ, ಕಾರಣ ಹೇಳಿ ಹೋದರು. ಕೇಳಿದ್ದು ಹೆಚ್ಚಿನದೇನನ್ನೂ ಅಲ್ಲ, ಆಟದ ಲೆಕ್ಕದಂತೆ ಬರಬೇಕಾದುದನ್ನು. ಈ ಭೇದವನ್ನು ಮಕ್ಕಳ ಮುಂದಿಟ್ಟಾಗ ಎರಡೂ ಗುಂಪಿನವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮತ್ತೆ ಶುರುಮಾಡಿದರು, ಅದು ಬೇರೆ ಮಾತು.

ಕೊನೆಗೆ ಮಂಡಳಿ ಮಣಿಯಿತು. ಮುಂದಿನ ಪಂದ್ಯಕ್ಕೆ ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆದರು, ತಮ್ಮಂದಿರೂ ಬಂದರು. ನಾಯಕ ಪೈ ಅವರು ಆಟದ ನಡುವೆ ಬೇಕೆಂದೇ ಮೈದಾನ ಬಿಟ್ಟು ಹೊರಗೆ ಹೋದರು. ಅಷ್ಟು ಹೊತ್ತು ಹಿಂದೂ ತಂಡವನ್ನು ನಡೆಸಿದವರು ಬಾಳೂ. ಈ ಬಾರಿ ಅಂಚಿನಾಚೆ ನಿಂತವರು ಪೈ! ಈ ಕಥೆಯಲ್ಲಿ ನಮಗೆ ಬಹಳ ಪ್ರಿಯವಾದ ಗಳಿಗೆ ಇದು. 1923ರಲ್ಲಿ ವಿಠ್ಠಲರು ನಾಯಕರೇ ಆದರು. ತಂಡ ಯೂರೋಪಿಯನ್ನರನ್ನು ಸೋಲಿಸಿತು. ಅಭಿಮಾನಿಗಳು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು, ಮುಟ್ಟಬಾರದೆಂದಿದ್ದ ಅದೇ ಮೈಯನ್ನು.

ಆಟ ಬಿಟ್ಟ ಮೇಲೆ ಬಾಳೂ ಅವರು ಸಾರ್ವಜನಿಕ ಜೀವನಕ್ಕೆ ಇಳಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತರು. ಎದುರಿಗೆ ನಿಂತವರು ಯಾರು ಗೊತ್ತೇ? ಹಿಂದೆ ಅವರಿಗೆ ಬಿನ್ನವತ್ತಳೆ ಬರೆದಿದ್ದ ಅಂಬೇಡ್ಕರರು! ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ತಮ್ಮ ಜನರ ಹಕ್ಕಿಗೆ ದಾರಿ ಯಾವುದೆಂಬ ವಿಷಯದಲ್ಲಿ ಇಬ್ಬರ ಅಭಿಪ್ರಾಯ ಬೇರೆಯಾಗಿತ್ತು.

ಬಾಳೂ ಅವರು 33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 179 ವಿಕೆಟ್ ತೆಗೆದರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆ ವೇಳೆಗೆ ಅವರು ಐವತ್ತಾರು ವರ್ಷದವರು. ಆದುದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. 1955ರ ಜುಲೈಯಲ್ಲಿ ಮುಂಬಯಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರುವ ಕಾನೂನು ನಮ್ಮ ದೇಶದಲ್ಲಿ ಬಂದಿತ್ತು.