ಹದಿನೈದರಲ್ಲಿ ಹಡಗೇರಿದ ಹುಡುಗ ಮತ್ತು ನಮ್ಮ ಇಂಗ್ಲಿಷ್ ವಾಕ್ಯಗಳು



ನಮ್ಮ ಲಿಂಗಸುಗೂರಿನಿಂದ ಉತ್ತರಕ್ಕೆ ಹೊರಟು ಕೃಷ್ಣಾ ನದಿ ದಾಟಿದರೆ ಸುರಪುರ ಸಿಗುತ್ತದೆ. ಅಲ್ಲಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯಿದೆ. ಅದನ್ನು ಕಟ್ಟಿಸಿ ಅಲ್ಲಿ ವಾಸಿಸಿದವರು ಫಿಲಿಪ್ ಮೆಡೋಸ್ ಟೇಲರ್. ಕಾಲೇಜಿನ ಮೆಟ್ಟಿಲು ಹತ್ತದೆಯೇ ಇಂಗ್ಲಿಷ್ ಸಾಹಿತ್ಯದಲ್ಲಿ ಹೆಸರು ಮಾಡಿದವರು. ಇಂಗ್ಲಿಷ್ ಎಂದರೆ ಬೆವರುವ ನಮ್ಮ ಮಕ್ಕಳಿಗೆ ಇವರ ಜೀವನ ಒಂದು ಪಾಠವಾಗಬಲ್ಲದು ಎಂದು ಈ ಲೇಖನ ಬರೆಯುತ್ತಿದ್ದೇನೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿತು, ಮಗನ ಓದು ನಿಂತಿತು. ಹುಡುಗ ಒಂದು ವ್ಯಾಪಾರಿ ಕಚೇರಿಯಲ್ಲಿ ಗುಮಾಸ್ತಿಕೆಗೆ ಸೇರಿದ. ಹದಿನೈದನೆಯ ವಯಸ್ಸಿಗೆ ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ದುಡಿಯಲೆಂದು ಹಡಗು ಹತ್ತಿಸಿದರು. ಇಲ್ಲಿಗೆ ಬಂದು ನೋಡಿದರೆ ಆ ವ್ಯಾಪಾರಿಯೇ ಸಾಲದಲ್ಲಿದ್ದ. ಬಂಧುವೊಬ್ಬರ ಸಹಾಯದಿಂದ 1824ರಲ್ಲಿ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ದೊರೆಯಿತು. ಇಂದು ಅಕ್ಕಿ ಗಿರಣಿಗೋ ಗ್ಯಾರೇಜಿಗೋ ಹೋಗಲು ಶಾಲೆ ಬಿಡುವ ಸಿಂಧನೂರಿನ ಹುಡುಗನಿಗೂ ಆ ಹುಡುಗನಿಗೂ ವಯಸ್ಸಿನಲ್ಲಿ ವ್ಯತ್ಯಾಸವಿರಲಿಲ್ಲ.

ಟೇಲರ್ ಅಲ್ಲಿಗೇ ಓದು ಬಿಡಲಿಲ್ಲ. ಹಿಂದೂಸ್ತಾನಿ ಕಲಿತರು, ಪರ್ಷಿಯನ್ ಕಲಿತರು. ಕಾನೂನು, ಭೂಮಾಪನ, ಭೂವಿಜ್ಞಾನಗಳನ್ನು ಸ್ವಂತ ಶ್ರಮದಿಂದ ತಿಳಿದುಕೊಂಡರು. ಪೊಲೀಸ್ ಕೆಲಸ ಮಾಡುವಾಗ ಠಗರ ವಿಷಯ ಅವರ ಕಿವಿಗೆ ಬಿತ್ತು. 1839ರಲ್ಲಿ ಪ್ರಕಟವಾದ ಕನ್ಫೆಶನ್ಸ್ ಆಫ್ ಎ ಥಗ್ ಕಾದಂಬರಿ ಅದರ ಫಲ. ಅಮೀರ್ ಅಲಿ ಎಂಬ ಠಗನೇ ತನ್ನ ಕಥೆ ಹೇಳುವಂತೆ ಬರೆದ ಈ ಪುಸ್ತಕವನ್ನು ವಿಕ್ಟೋರಿಯಾ ರಾಣಿಯೂ ಓದಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಅಮೀರ್ ಅಲಿಯ ಮಾತು ಹಿಂದೂಸ್ತಾನಿ. ಆ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಮ್ಮ ಕನ್ನಡದಲ್ಲಿಯೂ ಹಾಗೆಯೇ. ಇಂಗ್ಲಿಷಿನಲ್ಲಿ ಕರ್ತೃವಿನ ಹಿಂದೆಯೇ ಕ್ರಿಯಾಪದ ಬರಬೇಕು. ಟೇಲರ್ ಪದಗಳನ್ನು ಒಂದೊಂದಾಗಿ ಎತ್ತಿಡಲಿಲ್ಲ. ಅರ್ಥವನ್ನು ಪೂರ್ತಿ ಮನಸ್ಸಿಗೆ ತೆಗೆದುಕೊಂಡು, ಇಂಗ್ಲಿಷಿನ ಅಚ್ಚಿನಲ್ಲಿ ಹೊಸದಾಗಿ ಎರಕ ಹೊಯ್ದರು. ನಮ್ಮ ಮಕ್ಕಳು ತಪ್ಪುವುದು ಇಲ್ಲಿಯೇ. ಪದಗಳು ಇಂಗ್ಲಿಷಿನವು, ಅಚ್ಚು ಮಾತ್ರ ಮನೆಯದು.

ನನ್ನ ಅನುಭವವನ್ನೇ ಹೇಳುತ್ತೇನೆ. ಬಿ.ಎಡ್. ಮುಗಿಸಿ ಒಂದು ಶಾಲೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದವರೊಬ್ಬರು ನನ್ನ ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿ ನಕ್ಕರು. ಆ್ಯಸ್ ಎಂದು ಆರಂಭಿಸಿ ನಡುವೆ ಸೋ ಎಂದೂ ಬರೆದಿದ್ದೆ. ತಪ್ಪೇನೆಂದು ಯಾರೂ ಹೇಳಲಿಲ್ಲ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಬಹಳ ದಿನಗಳ ಮೇಲೆ ಗೊತ್ತಾಯಿತು: ಉರ್ದುವಿನಲ್ಲಿ ಚೂಂಕಿ ಎಂದರೆ ಇಸ್‌ಲಿಯೆ ಎನ್ನಲೇಬೇಕು, ನಾನು ಬರೆದದ್ದು ಒಳ್ಳೆಯ ಉರ್ದು! ಅಗರ್ಚೆ, ಲೇಕಿನ್ ಜೋಡಿಯೂ ಹೀಗೆಯೇ. ಅದರಿಂದಲೇ ಮಕ್ಕಳು ಆಲ್‌ದೋ ಎಂದು ತೊಡಗಿ ಬಟ್ ಎಂದೂ ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದು ಸಾಕು.

ಉರ್ದು, ಕನ್ನಡ ಎರಡನ್ನೂ ಕಲಿಸುವವನಾದ್ದರಿಂದ ಇನ್ನೊಂದು ಸಂಗತಿ ಗಮನಿಸಿದ್ದೇನೆ. ನನ್ನ ತಂದೆ ರೈತ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡ ಮಾಧ್ಯಮದ ಮಗು ಮೈ ಫಾದರ್ ಫಾರ್ಮರ್ ಎಂದು ಬರೆದು, ಈಸ್ ಬಿಡುತ್ತದೆ. ಉರ್ದುವಿನಲ್ಲಿ ಹೈಂ ಇರುವುದರಿಂದ ಉರ್ದು ಮಾಧ್ಯಮದ ಮಗು ಈ ತಪ್ಪು ಮಾಡುವುದು ಕಡಿಮೆ. ಏಕೆಂದರೆ ಎಂದು ಹೊಸ ವಾಕ್ಯ ಆರಂಭಿಸುವುದು ಕನ್ನಡದಲ್ಲಿ ಸರಿ. ಇಂಗ್ಲಿಷಿನಲ್ಲಿ ಬಿಕಾಸ್ ಐ ಹ್ಯಾಡ್ ಫೀವರ್ ಎಂದಷ್ಟೇ ಬರೆದು ಚುಕ್ಕೆ ಇಟ್ಟರೆ ಅದು ಅರ್ಧ ವಾಕ್ಯ. ಹಿಂದಿನ ವಾಕ್ಯಕ್ಕೆ ಅದನ್ನು ಜೋಡಿಸಬೇಕು. ಹೋಗಿ, ನೋಡಿ, ಕೊಂಡು, ಬಂದೆ ಎಂದು ನಾವು ಸರಪಳಿ ಹೆಣೆಯುತ್ತೇವೆ. ಇಂಗ್ಲಿಷಿನಲ್ಲಿ ಆ ಸರಪಳಿಯ ಜಾಗಕ್ಕೆ ಮಕ್ಕಳು ಬರೀ ಅಲ್ಪವಿರಾಮ ಹಾಕುತ್ತಾ ಹೋಗುತ್ತಾರೆ. ಎರಡು ಪೂರ್ಣ ವಾಕ್ಯಗಳ ನಡುವೆ ಅಲ್ಪವಿರಾಮ ಸಾಲದು. ಚುಕ್ಕೆ ಬೇಕು, ಇಲ್ಲವೇ ಅಂಡ್‌ನಂತಹ ಪದ ಬೇಕು.

ಕರ್ತೃವಿನ ಮಹತ್ವಕ್ಕೆ ನಮ್ಮ ಮಸ್ಕಿಯಲ್ಲಿಯೇ ಉದಾಹರಣೆಯಿದೆ. ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಇತ್ತು, ಹೆಸರು ಇರಲಿಲ್ಲ. ಆ ಅರಸ ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಬಂಡೆಯಲ್ಲಿ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕೊರೆದಿತ್ತು, ಊಹೆ ದೃಢವಾಯಿತು. ಬಂದೆ ಎಂದರೆ ಕನ್ನಡದಲ್ಲಿ ಬಂದವರು ಯಾರೆಂದು ಗೊತ್ತಾಗುತ್ತದೆ. ಕೇಮ್ ಎಂದರೆ ಇಂಗ್ಲಿಷಿನಲ್ಲಿ ಗೊತ್ತಾಗುವುದಿಲ್ಲ. ಪ್ರತಿ ವಾಕ್ಯಕ್ಕೂ ಯಾರು ಎಂದು ಕೇಳಿರಿ. ಹಾಗೆಂದು ಮೈ ಫಾದರ್ ಹೀ ವೆಂಟ್ ಎಂದು ಎರಡೆರಡು ಸಲ ಹೇಳಬೇಡಿರಿ.

ಮತ್ತೆ ಟೇಲರ್ ಕಥೆಗೆ ಬರೋಣ. 1841ರಲ್ಲಿ ಅವರನ್ನು ಸುರಪುರಕ್ಕೆ ಕಳುಹಿಸಲಾಯಿತು. ಅರಸು ಮನೆತನದಲ್ಲಿ ಜಗಳವಿತ್ತು, ರಾಜಕುಮಾರ ವೆಂಕಟಪ್ಪ ನಾಯಕ ಚಿಕ್ಕ ಬಾಲಕ. 1853ರವರೆಗೆ ಟೇಲರ್ ಅಲ್ಲಿನ ಆಡಳಿತ ನೋಡಿಕೊಂಡರು. ಬಾಲಕ ಅವರನ್ನು ಅಪ್ಪ ಎಂದು ಕರೆಯುತ್ತಿದ್ದನು. ಕೆಲಸದ ನಡುವೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಸುತ್ತಮುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿ ಪರಿಶೀಲಿಸಿ ಲೇಖನ ಬರೆದರು. ಕೈಹಿಡಿದ ಪತ್ನಿಯನ್ನು 1844ರಲ್ಲಿ ಕಳೆದುಕೊಂಡಿದ್ದರು. ಆದರೂ ಲೇಖನಿ ನಿಲ್ಲಲಿಲ್ಲ.

ಟೇಲರ್ ಜೀವನದಲ್ಲಿ ನೋವಿನ ಅಧ್ಯಾಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1858ರ ಫೆಬ್ರುವರಿಯಲ್ಲಿ ತರುಣ ರಾಜ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದು ನಿಂತರು. ಅವರನ್ನು ಅಡಗಿಸಲು ಸೈನ್ಯ ಹೊರಟದ್ದು ನಮ್ಮ ಲಿಂಗಸುಗೂರಿನ ದಂಡಿನಿಂದ. ರಾಜ ಸೆರೆಯಾದರು. ಮರಣದಂಡನೆ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿದರೂ, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡರು. ಬಂದಿಯಾಗಿದ್ದ ರಾಜನನ್ನು ಟೇಲರ್ ಹೈದರಾಬಾದಿನಲ್ಲಿ ಕಂಡಿದ್ದರು. ಆದರೆ ಅವರು ನಿಂತದ್ದು ಸರ್ಕಾರದ ಪಕ್ಷದಲ್ಲಿ. ಸುರಪುರದ ಜನ ಇಂದು ರಾಜನನ್ನು ಸ್ವಾತಂತ್ರ್ಯ ವೀರನೆಂದು ನೆನೆಯುತ್ತಾರೆ, ಅದು ನ್ಯಾಯವೇ. ಟೇಲರರಿಂದ ನಾವು ಕಲಿಯಬೇಕಾದದ್ದು ವಿದ್ಯೆಯ ಶ್ರಮವನ್ನು, ಕಂಪನಿಯ ರಾಜಕೀಯವನ್ನಲ್ಲ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಇಂಗ್ಲೆಂಡಿಗೆ ಮರಳಿದರು. ತಾರಾ, ಸೀತಾ ಮುಂತಾದ ಕಾದಂಬರಿಗಳನ್ನೂ, ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವನ್ನೂ ಬರೆದರು. ಕೊನೆಗೆ ದೃಷ್ಟಿ ಮಂಕಾಯಿತು. 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ ನಿಧನರಾದರು. ಅವರ ಆತ್ಮಕಥೆ ಮರುವರ್ಷ ಅವರ ಮಗಳ ಸಂಪಾದಕತ್ವದಲ್ಲಿ ಹೊರಬಂತು. ಚಾಂದ್ ಬೀಬಿಯನ್ನು ಕುರಿತ ಕಾದಂಬರಿ 1878ರಲ್ಲಿ ಬೆಳಕು ಕಂಡಿತು.

ವಿದ್ಯಾರ್ಥಿ ಮಿತ್ರರೇ, ದಿನಕ್ಕೆ ಐದು ವಾಕ್ಯ ಬರೆಯಿರಿ. ಬರೆದುದನ್ನು ಗಟ್ಟಿಯಾಗಿ ಓದಿರಿ. ಯಾರು, ಏನು ಮಾಡಿದರು ಎಂದು ಬೆರಳಿಟ್ಟು ಕೇಳಿರಿ. ಕ್ರಿಯಾಪದ ಇದೆಯೇ, ಅದು ತನ್ನ ಜಾಗದಲ್ಲಿದೆಯೇ ನೋಡಿರಿ. ಜೋಡಿಸುವ ಪದ ಎರಡು ಬಂದಿದ್ದರೆ ಒಂದನ್ನು ಹೊಡೆದುಹಾಕಿರಿ. ಉಸಿರು ಸಾಲದಷ್ಟು ಉದ್ದವಾದ ವಾಕ್ಯವನ್ನು ಎರಡಾಗಿ ಒಡೆಯಿರಿ. ಶಿಕ್ಷಕ ಮಿತ್ರರೇ, ಮಗುವಿನ ತಪ್ಪಿಗೆ ಕೆಂಪು ಗೆರೆ ಎಳೆಯುವ ಮುನ್ನ ಅದರ ಬೇರು ಮನೆಮಾತಿನಲ್ಲಿ ಇದೆಯೇ ಎಂದು ನೋಡೋಣ. ಆ ತಪ್ಪು ದಡ್ಡತನದ್ದಲ್ಲ, ತಾಯಿಭಾಷೆ ಚೆನ್ನಾಗಿ ಬರುತ್ತದೆ ಎಂಬುದರ ಗುರುತು. ನಗಬೇಡಿರಿ, ತೋರಿಸಿಕೊಡಿರಿ. ಅಂದು ನನ್ನ ಅರ್ಜಿ ಓದಿದವರು ನಗುವ ಬದಲು ಒಂದು ಪದಕ್ಕೆ ಅಡ್ಡಗೆರೆ ಎಳೆದಿದ್ದರೆ, ನಾನು ಅದನ್ನು ಅಂದೇ ಕಲಿಯುತ್ತಿದ್ದೆ.